ಹಸಿಯಲ್ಲಿ ಕಂಡ ಬಣ್ಣ

ದನದ ಡಾಕ್ಟರಮ್ಮ ತಮ್ಮ ಹಳೆಯ ಜೀಪನ್ನು ನಮ್ಮ ಶೆಡ್ಡಿನ ಮುಂದೆ ತಂದು ನಿಲ್ಲಿಸಿದ ದಿನವೇ ನನ್ನ ಗಂಡ ಹಸಿರು ಬಕೆಟ್ಟನ್ನು ನೀಲಿ ಎಂದರು. "ಆ ನೀಲಿ ಬಕೆಟ್ ತಗೊಂಡ್ ಬಾ" ಎಂದರು, ನಾನು ನೀಲಿಯದನ್ನೇ ಒಯ್ದು ಕೊಟ್ಟೆ. "ಇದಲ್ಲ ಕಣೇ, ನೀಲಿ, ನೀಲಿ" ಎಂದು ಮೂಲೆಯಲ್ಲಿದ್ದ ಹಸಿರು ಬಕೆಟ್ಟಿನ ಕಡೆ ಗದ್ದ ಎತ್ತಿ ತೋರಿಸಿದರು. ಬಾಯಿ ತಪ್ಪಿ ಬಂದ ಮಾತಿರಬಹುದು. ದಿನಕ್ಕೆ ಹತ್ತು ಸಲ ನಾನು ತಂಗಿಯ ಮಗಳನ್ನು ತಂಗಿಯ ಹೆಸರು ಹಿಡಿದು ಕರೆಯುತ್ತೇನೆ, ಅದಕ್ಕಾಗಿ ಯಾರೂ ನನ್ನ ತಲೆ ಪರೀಕ್ಷೆ ಮಾಡಿಸಿಲ್ಲ. ಆದರೆ ನಮ್ಮಪ್ಪನಿಗೂ ಹೀಗೇ ಶುರುವಾಗಿತ್ತು.

ನಮ್ಮಪ್ಪ ಫೈಬರ್ ಮೇಸ್ತ್ರಿ. ದೋಣಿ, ನೀರಿನ ಟ್ಯಾಂಕು, ಬಸ್ಸಿನ ಮೂತಿ, ಜೀಪಿನ ಟಾಪು, ಒಡೆದದ್ದು ಏನೇ ಬರಲಿ ಸರಿ ಮಾಡಿ ಕಳಿಸುತ್ತಿದ್ದ. ಮೂವತ್ತೈದು ವರ್ಷ ಫೈಬರ್ ಅಂಟಿಸುವ ರೆಸಿನ್ನಿನ ವಾಸನೆ ಕುಡಿದ. ಮುಖಕ್ಕೆ ಮಾಸ್ಕ್ ಹಾಕಿಕೋ ಎಂದರೆ "ನಾನೇನು ಕಳ್ಳನಾ?" ಎನ್ನುತ್ತಿದ್ದ. ಆ ವಾಸನೆ ಕೆಲವರಿಗೆ ಏನೂ ಮಾಡುವುದಿಲ್ಲ, ಕೆಲವರ ಕಣ್ಣಿನಿಂದ ಮಾತ್ರ ಬಣ್ಣವನ್ನು ಚೂರುಚೂರೇ ಕದ್ದುಬಿಡುತ್ತದೆ. ಅಪ್ಪ ಹಸಿರನ್ನು ನೀಲಿ ಎನ್ನತೊಡಗಿದಾಗ ಮನೆಯಲ್ಲಿ ಮೊದಲು ಗಮನಿಸಿದವಳು ನಾನು. ಆರು ತಿಂಗಳು ಬಾಯಿ ಬಿಡಲಿಲ್ಲ. ಹೇಗೆ ಹೇಳುವುದು? ಬಣ್ಣವೇ ಅವನ ಅನ್ನ, ಬಣ್ಣವೇ ಅವನ ಜಂಬ. ಕೊನೆಗೊಂದು ದಿನ ಯಾರದೋ ಬಿಳಿ ದೋಣಿಗೆ ತೇಪೆ ಹಾಕಿ, ಹತ್ತು ಜನರ ಮುಂದೆ ಮೇಲಿನ ಬಟ್ಟೆ ಎಳೆದು ತೋರಿಸಿದ. ತೇಪೆ ಎಲೆಕೋಸಿನ ಬಣ್ಣಕ್ಕೆ ಬಂದಿತ್ತು. ಎಲ್ಲರೂ ನಕ್ಕರು. ಏನೋ ತಮಾಷೆ ಇರಬೇಕೆಂದು ಅಪ್ಪನೂ ಅವರ ಜೊತೆ ನಕ್ಕ, ಆಮೇಲೆ ನನ್ನ ಕಡೆ ತಿರುಗಿ "ಯಾಕಮ್ಮ ನಗ್ತಿದ್ದಾರೆ?" ಎಂದು ಮೆಲ್ಲಗೆ ಕೇಳಿದ. ಅವತ್ತಿನಿಂದ ಬ್ರಷ್ ಮುಟ್ಟಲಿಲ್ಲ. ಆಮೇಲೆ ಬದುಕಿದ ಹನ್ನೊಂದು ವರ್ಷವನ್ನೂ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತೇ ಕಳೆದ.

ನನ್ನ ಗಂಡ ಅಪ್ಪನ ಶಿಷ್ಯ. ಊರವರ ಬಾಯಲ್ಲಿ ಈಗ ಮೇಸ್ತ್ರಿ ಎಂದರೆ ಇವರೇ. ಇವರನ್ನು ಹತ್ತು ಜನರ ಮುಂದೆ ಹಾಗೆ ನಿಲ್ಲಲು ಬಿಡುವುದಿಲ್ಲ ಎಂದು ನಾನು ಆ ಹಸಿರು ಬಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ತೀರ್ಮಾನ ಮಾಡಿದೆ. ಅಲ್ಲಿಂದ ಮುಂದೆ ನಡೆದದ್ದಕ್ಕೆಲ್ಲ ಈ ತೀರ್ಮಾನವೇ ಕಾರಣ.

ಡಾಕ್ಟರಮ್ಮನಿಗೆ ಎಪ್ಪತ್ತು ದಾಟಿದೆ. ಆ ಜೀಪಿನಲ್ಲೇ ಗುಡ್ಡ ಹತ್ತಿ ಇಳಿದು ನಲವತ್ತು ವರ್ಷ ಜನರ ದನಕರುಗಳಿಗೆ ಹೆರಿಗೆ ಮಾಡಿಸಿದವರು. ಜೀಪಿನ ಮೈ ತಗಡಿನದು, ಟಾಪು ಮಾತ್ರ ಫೈಬರಿನದು. ಕೆನೆಹಾಲಿಗೆ ಒಂದು ತೊಟ್ಟು ಚಹಾ ಬಿದ್ದರೆ ಬರುವಂಥ ಬಣ್ಣ. ಕೈಯಿಟ್ಟರೆ ಸೀಮೆಸುಣ್ಣದ ಹಾಗೆ ಅಂಟುತ್ತಿತ್ತು. ನಾಲ್ಕೂ ಮೂಲೆಗಳಲ್ಲಿ ಬೋಲ್ಟಿನ ತೂತಿನ ಸುತ್ತ ಜೇಡನ ಕಾಲುಗಳಂತೆ ಬಿರುಕು, ಡ್ರೈವರ್ ಬಾಗಿಲ ಮೇಲೆ ಮಳೆನೀರು ಹರಿಯುವ ಕಾಲುವೆಯುದ್ದಕ್ಕೂ ಒಂದು ಸೀಳು.

"ಪೂರ್ತಿ ಬಣ್ಣ ಹೊಡೆದ್ಬಿಡೋಣವಾ?" ಎಂದು ನನ್ನ ಗಂಡ ಕೇಳಿದರು.

"ಬೇಡಪ್ಪ. ಮುಖಕ್ಕೆಲ್ಲ ಬಳ್ಕೊಂಡಿರೋ ಮುದುಕಿ ಥರ ಕಾಣುತ್ತೆ, ಅದಕ್ಕೆ ನಾನೊಬ್ಬಳು ಸಾಕು. ಹಳೇ ಮೈ ಹಾಗೇ ಇರಲಿ. ಗಾಯ ಎಲ್ಲಿತ್ತು ಅಂತ ಗೊತ್ತಾಗಬಾರದು, ಅಷ್ಟೇ" ಎಂದರು ಡಾಕ್ಟರಮ್ಮ. "ನಾನು ಹೊಲಿಗೆ ಹಾಕಿದ ಹಸುಗಳಿಗೆ ಗಾಯ ಎಲ್ಲಾಗಿತ್ತು ಅನ್ನೋದೇ ಮರೆತುಹೋಗಿದೆ. ನಿನ್ನ ಕೈಗುಣ ನೋಡೋಣ, ಮೇಸ್ತ್ರಿ."

"ಮೂರು ಅಡಿ ದೂರದಿಂದ ಏನು, ಭೂತಗನ್ನಡಿ ಇಟ್ಟರೂ ಕಾಣಲ್ಲ" ಎಂದರು ಇವರು. ಕಾಲರ್ ಇಲ್ಲದ ಬನಿಯನ್ನಿನಲ್ಲೇ ಕಾಲರ್ ಎತ್ತಿಕೊಂಡಂತೆ ಹೇಳಿದರು. ಅವರ ಈ ಜಂಬ ನನಗೆ ಇಷ್ಟ. ಬಯ್ಯುತ್ತೇನೆ, ಆದರೆ ಇಷ್ಟ.

ಹದಿನಾರು ಬೋಲ್ಟುಗಳಲ್ಲಿ ಹನ್ನೆರಡು ಸುಮ್ಮನೆ ಬಿಚ್ಚಿಕೊಂಡವು, ನಾಲ್ಕು ತುಕ್ಕು ಹಿಡಿದು ಹಟ ಮಾಡಿದವು. ಎಣ್ಣೆ ಬಿಟ್ಟು, ಬಿಸಿ ಮಾಡಿ, ಬೈದು ತೆಗೆದೆವು. ಪಕ್ಕದ ಬಡಗಿಯನ್ನೂ ಅವನ ತಮ್ಮನನ್ನೂ ಕರೆದು ನಾಲ್ಕು ಮೂಲೆಗೆ ನಾಲ್ವರು ನಿಂತು ಟಾಪನ್ನು ಎತ್ತಿ ಮರದ ಸ್ಟ್ಯಾಂಡುಗಳ ಮೇಲೆ ಮಲಗಿಸಿದೆವು. ತೊಳೆದೆವು. ಬೆರಳ ಗೆಣ್ಣಿನಿಂದ ಅಂಗುಲ ಅಂಗುಲಕ್ಕೂ ತಟ್ಟಿ ನೋಡಿದೆವು. ಗಟ್ಟಿ ಇದ್ದ ಕಡೆ ಟಣ್ಣೆನ್ನುತ್ತದೆ, ಒಳಗೆ ಪದರ ಬಿಟ್ಟ ಕಡೆ ಡಬ್ಬೆನ್ನುತ್ತದೆ. ಡಬ್ಬೆಂದಲ್ಲೆಲ್ಲ ನಾನು ಪೆನ್ಸಿಲಿನಿಂದ ಗುರುತು ಹಾಕಿದೆ. ಅವರು ಬಿರುಕುಗಳನ್ನು ಗ್ರೈಂಡರಿನಿಂದ ಅಗಲ ಮಾಡಿದರು. ಒಳಗಡೆಯಿಂದ ಮ್ಯಾಟ್ ಕೂರಿಸುವುದು ನನ್ನ ಕೆಲಸ. ಗಾಜಿನ ನಾರಿನ ಆ ಬಟ್ಟೆಯನ್ನು ಕತ್ತರಿಯಲ್ಲಿ ಕತ್ತರಿಸಬಾರದು, ಕೈಯಲ್ಲಿ ಹರಿಯಬೇಕು, ಆಗಲೇ ಅಂಚು ಕರಗಿ ಕೂರುತ್ತದೆ. ಮೇಲೆ ರೆಸಿನ್ ಹೊಡೆದು ರೋಲರಿನಿಂದ ಗುಳ್ಳೆ ಓಡಿಸಬೇಕು. ಒಂದು ವಾರ ಮೊಣಕೈವರೆಗೂ ತುರಿಸಿಕೊಂಡೆ. ಇಪ್ಪತ್ತೆರಡು ವರ್ಷದಿಂದ ತುರಿಸಿಕೊಳ್ಳುತ್ತಿದ್ದೇನೆ, ಅಭ್ಯಾಸ ಮಾತ್ರ ಇನ್ನೂ ಆಗಿಲ್ಲ.

ಮೇಲ್ಮೈಯನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡುವವರೆಗೂ ನಾವಿಬ್ಬರೂ ಸಮ ಸಮ. ಅದಾದ ಮೇಲಿನ ಬಣ್ಣ ಮಾತ್ರ ಅವರೊಬ್ಬರದು. ಮೇಲಿನ ಪದರಕ್ಕೆ ಹಚ್ಚುವ ಜೆಲ್‌ಕೋಟ್ ಎಂಬುದು ಗಟ್ಟಿ ಮಜ್ಜಿಗೆಯ ಹದದಲ್ಲಿರುತ್ತದೆ. ಅದಕ್ಕೆ ಬಣ್ಣದ ಪೇಸ್ಟ್ ಸೇರಿಸಬೇಕು, ಹಳದಿ ಉಗುರಿನ ತುದಿಯಷ್ಟು, ಕಂದು ಸೂಜಿಯ ತುದಿಯಷ್ಟು, ಕಪ್ಪು ಇನ್ನೂ ಕಡಿಮೆ. ಆಮೇಲೆ ಹಾರ್ಡನರ್ ಹನಿಸಿದರೆ ಹದಿನೈದು ನಿಮಿಷದಲ್ಲಿ ಅದು ಗಟ್ಟಿಯಾಗತೊಡಗುತ್ತದೆ. ಹಸಿಯಾಗಿದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಅದಕ್ಕಿಂತ ಗಾಢ. ಬೇರೆ ಶೆಡ್ಡಿನವರು ಮೊದಲು ಒಂದು ಚಮಚದಷ್ಟನ್ನು ಒಣಗಿಸಿ, ಹೊಂದುತ್ತದೋ ಇಲ್ಲವೋ ನೋಡಿ, ಆಮೇಲೆ ಹಚ್ಚುತ್ತಾರೆ. ಅಪ್ಪ ಅದನ್ನು ಕಂಡರೆ ಮೂಗು ಮುರಿಯುತ್ತಿದ್ದ. ತಟ್ಟೆಯಲ್ಲಿ ಒಣಗುವುದೇ ಬೇರೆ, ಟಾಪಿನ ಮೇಲೆ ಒಣಗುವುದೇ ಬೇರೆ, ಹಸಿಯಲ್ಲೇ ಒಣ ಬಣ್ಣ ಕಾಣದವನು ಮೇಸ್ತ್ರಿಯೇ ಅಲ್ಲ ಎನ್ನುತ್ತಿದ್ದ. ಆ ಕಣ್ಣನ್ನು ಅವನು ತನ್ನ ಅಳಿಯನಿಗೆ ಮಾತ್ರ ಕೊಟ್ಟ. ಒಣಗಿದರೆ ಗಾಢವಾಗುತ್ತದೆ ಎಂಬುದು ನನಗೂ ಗೊತ್ತು. ಎಷ್ಟು ಗಾಢ ಎಂಬುದು ಗೊತ್ತಿಲ್ಲ. ಆ 'ಎಷ್ಟು' ಎಂಬುದೇ ಇಡೀ ವಿದ್ಯೆ.

ಮೊದಲು ಹಿಂದಿನ ಎಡಮೂಲೆ ಹಿಡಿದೆವು. ಅವರು ಡಬ್ಬಿಯಲ್ಲಿ ಬಣ್ಣ ಕಲಸಿದರು, ತಲೆ ಓರೆ ಮಾಡಿ ನೋಡಿದರು, ಇನ್ನೊಂದು ಸೂಜಿಮೊನೆ ಕಂದು ಹಾಕಿದರು, ಹಾರ್ಡನರ್ ಹನಿಸಿ ಮತ್ತೆ ತಿರುವಿದರು. ಕಡ್ಡಿಯನ್ನು ಕಿಟಕಿಗೆ ಒರಗಿಸಿ, ಹಚ್ಚುವ ಜಾಗವನ್ನು ಕೊನೆಯ ಸಲ ಒರೆಸಲು ಟಾಪಿನ ಆ ಬದಿಗೆ ಹೋದರು. ದೂಳು ಕೂರಬಾರದೆಂದು ಒರೆಸುವುದನ್ನು ಯಾವಾಗಲೂ ಕೊನೆಗೇ ಇಟ್ಟುಕೊಳ್ಳುತ್ತಾರೆ, ಎರಡು ನಿಮಿಷದ ಕೆಲಸ. ನಾನು ಡಬ್ಬಿಯೊಳಗೆ ಇಣುಕಿದೆ. ತೀರಾ ಬೆಳ್ಳಗಿತ್ತು. ಒಣಗಿ ಗಾಢವಾದರೂ ಟಾಪಿನ ಬಣ್ಣದ ಹತ್ತಿರಕ್ಕೂ ಬರುವುದಿಲ್ಲ ಎಂದು ನನಗೆ ಖಚಿತವಾಗಿ ಅನ್ನಿಸಿತು. ಬಕೆಟ್ಟು ನೆನಪಾಯಿತು. ದೋಣಿ ನೆನಪಾಯಿತು. ಎರಡು ಚುಕ್ಕೆ ಹಳದಿ, ಒಂದು ಚುಕ್ಕೆ ಕಂದು ಹಾಕಿ ಬೇರೆ ಕಡ್ಡಿಯಿಂದ ಬರಬರನೆ ತಿರುವಿ ಇಟ್ಟೆ.

ಅವರು ಬಂದವರೇ ಬ್ರಷ್ ಅದ್ದಿದರು. ಒಂದು ಕ್ಷಣ ತಡೆದರು. ಹುಬ್ಬು ಕೂಡಿತು. ಮತ್ತೆ ಹಚ್ಚತೊಡಗಿದರು.

ಮಾರನೆಯ ದಿನ ಡಾಕ್ಟರಮ್ಮ ಬಂದು ಸ್ಟೂಲಿನ ಮೇಲೆ ಕೂತು ಕನ್ನಡಕ ಏರಿಸಿದರು. "ಯಾರೋ ಇಲ್ಲಿ ಚಹಾ ಚೆಲ್ಲಿದ್ದಾರೆ" ಎಂದರು. ನಿಜ. ಆ ಮೂಲೆ ಉಳಿದ ಟಾಪಿಗಿಂತ ಎದ್ದು ಕಾಣುವಷ್ಟು ಗಾಢವಾಗಿತ್ತು. ನನ್ನ ಗಂಡನೂ ನೋಡಿದರು. ಹತ್ತಿರ ಹೋಗಿ ಬೆರಳಾಡಿಸಿದರು. "ಹವಾಮಾನ ಸ್ವಲ್ಪ ತಣ್ಣಗಿತ್ತು, ತೆಗೆದು ಮತ್ತೆ ಮಾಡ್ತೀನಿ" ಎಂದರು. ಇಪ್ಪತ್ತೆರಡು ವರ್ಷದಲ್ಲಿ ಅವರ ಬಾಯಲ್ಲಿ ಹವಾಮಾನದ ಮಾತು ಬಂದದ್ದು ಅದೇ ಮೊದಲು.

ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಭಯ ಹೊಕ್ಕ ತಲೆಗೆ ಎಲ್ಲವೂ ಭಯಕ್ಕೇ ಸಾಕ್ಷಿಯಾಗಿ ಕಾಣುತ್ತದೆ. ನಾನು ಹಾಕಿದ್ದು ಮೂರೇ ಚುಕ್ಕೆ, ಇಷ್ಟು ವ್ಯತ್ಯಾಸ ಬಂದಿದೆಯೆಂದರೆ ಅವರು ಕಲಸಿದ್ದೇ ಅಡ್ಡಾದಿಡ್ಡಿಯಾಗಿರಬೇಕು, ನನ್ನ ಕೈ ಸೇರದಿದ್ದರೆ ಇನ್ನೂ ಏನಾಗುತ್ತಿತ್ತೋ ಎಂದುಕೊಂಡೆ. ಮೂರ್ಖತನಕ್ಕೂ ಒಂದು ಲೆಕ್ಕಾಚಾರ ಇರುತ್ತದೆ ನೋಡಿ.

ಆ ಪದರವನ್ನು ಉಜ್ಜಿ ತೆಗೆದು ಎರಡನೆಯ ಸಲ ಕಲಸಿದರು. ಈ ಸಲ ಹಳದಿ ಇನ್ನೂ ಕಡಿಮೆ ಹಾಕಿದರು. ಮೊದಲ ಸಲ ಗಾಢವಾಗಿತ್ತಲ್ಲ, ಅದಕ್ಕೆ. ಅವರು ಒರೆಸಲು ಹೋದಾಗ ನಾನು ಡಬ್ಬಿಗೆ ಇಣುಕಿದರೆ ಮೊದಲಿಗಿಂತಲೂ ಬೆಳ್ಳಗಿದೆ! ಪೂರ್ತಿ ಹೋಯಿತು ಕಣ್ಣು ಎಂದುಕೊಂಡೆ. ನಾಲ್ಕು ಚುಕ್ಕೆ ಹಳದಿ, ಎರಡು ಕಂದು ಹಾಕಿದೆ. ಮಾರನೆಯ ದಿನಕ್ಕೆ ಅದೂ ಗಾಢವಾಗಿಯೇ ಒಣಗಿತು.

ಆ ಮಧ್ಯಾಹ್ನ ಊಟಕ್ಕೆ ಕೂತವರು ಅನ್ನ ಕಲಸುತ್ತಲೇ ಇದ್ದರು. ನಾನು "ಉಪ್ಪು ಕಡಿಮೆ ಆಯ್ತಾ?" ಎಂದೆ.

"ನಿಮ್ಮಪ್ಪಂಗೆ ಶುರುವಾದಾಗ ಎಷ್ಟು ವಯಸ್ಸು?" ಎಂದರು.

"ಅದೆಲ್ಲ ಈಗ್ಯಾಕೆ?"

"ಹಸಿಯಲ್ಲಿ ನೋಡಿದಾಗ ಸರಿಯಾಗೇ ಕಾಣುತ್ತೆ ಕಣೇ. ಹಚ್ಚೋಕೆ ಬಂದರೆ ಬೇರೆ ಥರ ಕಾಣುತ್ತೆ. ಎರಡು ನಿಮಿಷದಲ್ಲಿ ಕಣ್ಣು ಬದಲಾಗಿಬಿಡುತ್ತೆ. ಒಣಗಿದ ಮೇಲೆ ನೋಡಿದರೆ ಎರಡೂ ಅಲ್ಲ."

"ಕಣ್ಣಿನ ಡಾಕ್ಟರ ಹತ್ರ ಹೋಗಿ ಬರೋಣ."

"ಅವರು ಚುಕ್ಕೆ ಚುಕ್ಕೆ ಪುಸ್ತಕ ತೆಗೆದು ಎಂಟಾ ಮೂರಾ ಅಂತ ಕೇಳ್ತಾರೆ. ಹಸಿ ಯಾವುದು ಒಣ ಯಾವುದು ಅಂತ ನೋಡೋಕೆ ಅವರ ಹತ್ರ ಪುಸ್ತಕ ಇದೆಯಾ?" ಎಂದು ನಕ್ಕರು. ಆ ನಗು ನೋಡಲಾಗದೆ ನಾನು ನೀರು ತರುವ ನೆಪದಲ್ಲಿ ಎದ್ದೆ.

ಒಲೆಯ ಮುಂದೆ ನಿಂತಾಗ ಅವರ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿತು. ಎರಡು ನಿಮಿಷದಲ್ಲಿ ಕಣ್ಣು ಬದಲಾಗುತ್ತದಂತೆ. ಆ ಎರಡು ನಿಮಿಷದಲ್ಲಿ ಬದಲಾಗುತ್ತಿದ್ದದ್ದು ಅವರ ಕಣ್ಣಲ್ಲ, ಡಬ್ಬಿ. ನಾನು ಬದಲಾಯಿಸಿದ್ದನ್ನು ಅವರು ಬ್ರಷ್ ಅದ್ದಿದ ಕೂಡಲೇ ಕಂಡುಹಿಡಿದಿದ್ದರು! ಮೂರು ಚುಕ್ಕೆಯ ವ್ಯತ್ಯಾಸ ಕಾಣುವ ಕಣ್ಣು ಹೇಗೆ ಕೆಟ್ಟಿರಲು ಸಾಧ್ಯ? ಚೊಂಬು ಕೈಯಲ್ಲಿ ಹಿಡಿದು ಹಾಗೇ ನಿಂತೆ. ಆಗಲೇ ಹೋಗಿ ಹೇಳಬೇಕಿತ್ತು. ಅದರ ಬದಲು, ಇನ್ನು ಮುಟ್ಟುವುದಿಲ್ಲ, ನಾಳೆ ಅವರ ಬಣ್ಣ ಅವರದೇ ಆಗಿ ಒಣಗಲಿ, ಸರಿಯಾಗಿ ಬರುತ್ತದೆ, ಎಲ್ಲ ತಾನಾಗಿ ಮರೆತುಹೋಗುತ್ತದೆ ಎಂದು ಜಾಣತನ ಮಾಡಿದೆ. ಇದು ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ಮೂರನೆಯ ಸಲ ಅವರು ಕಲಸುವಾಗ ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಅವರು ಒರೆಸಲು ಹೋದರು, ಬಂದರು, ಹಚ್ಚಿದರು. ನಾನು ಜನ್ಮದಲ್ಲಿ ಅಷ್ಟು ಸುಮ್ಮನೆ ಕೂತವಳಲ್ಲ. ಮಾರನೆಯ ಬೆಳಿಗ್ಗೆ ನಾನೇ ಮೊದಲು ಶೆಡ್ಡಿಗೆ ಓಡಿ ಬಟ್ಟೆ ಸರಿಸಿದೆ. ಮೂಲೆ ಹಲ್ಲುಜ್ಜುವ ಪೇಸ್ಟಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

ಹಿಂದೆಯೇ ಬಂದ ಅವರು ಬಾಗಿಲಲ್ಲೇ ನಿಂತರು. ಒಳಗೆ ಬರುವ ಅಗತ್ಯವೂ ಇರಲಿಲ್ಲ, ಅಲ್ಲಿಂದಲೇ ಕಾಣುತ್ತಿತ್ತು. "ಸರಿ" ಎಂದರು. ನಲ್ಲಿಯ ಬಳಿ ಹೋಗಿ ಬ್ರಷ್ ತೊಳೆಯತೊಡಗಿದರು. ಆ ಬ್ರಷ್ ಮೊದಲೇ ತೊಳೆದದ್ದಾಗಿತ್ತು.

ನನ್ನ ತಲೆ ಚಿಟ್ಟು ಹಿಡಿಯಿತು. ಮುಟ್ಟಿದರೂ ತಪ್ಪು, ಮುಟ್ಟದಿದ್ದರೂ ತಪ್ಪೆಂದರೆ ಏನರ್ಥ? ಕಣ್ಣು ಕಿಟಕಿಯ ಕಡೆ ಹೋಯಿತು. ಕಲಸಿದ ಕಡ್ಡಿಗಳನ್ನು ಅವರು ಎಸೆಯುವುದಿಲ್ಲ, ಕಿಟಕಿಯ ದಂಡೆಗೆ ಸಾಲಾಗಿ ಒರಗಿಸುತ್ತಾರೆ, ತಿಂಗಳಿಗೊಮ್ಮೆ ನಾನು ಬೈದುಕೊಂಡು ಬಾಚಿ ಒಲೆಗೆ ಹಾಕುತ್ತೇನೆ. ಸಾಲಿನ ಕೊನೆಯ ಮೂರು ಕಡ್ಡಿಗಳು ಈ ಟಾಪಿನವು. ಮೂರನ್ನೂ ನಾನು ಚುಕ್ಕೆ ಹಾಕುವ ಮೊದಲೇ ಅವರು ಡಬ್ಬಿಯಿಂದ ತೆಗೆದಿದ್ದರು. ಮೂರರ ಮೇಲೂ ಇದ್ದದ್ದು ಅವರದೇ ಬಣ್ಣ, ಒಣಗಿ ಕಲ್ಲಾಗಿತ್ತು.

ಮೊದಲನೆಯ ಕಡ್ಡಿಯನ್ನು ಟಾಪಿನ ಹಳೆಯ ಮೈಗೆ ಹಿಡಿದೆ. ಬಣ್ಣ ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯಲಿಲ್ಲ. ಎರಡನೆಯದು ಅದಕ್ಕಿಂತ ಒಂದು ಛಾಯೆ ಬಿಳಿ. ಮೂರನೆಯದು ಇನ್ನೂ ಬಿಳಿ. ಮೊದಲ ದಿನ ಅವರು ಕಲಸಿದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಾನು ಅದನ್ನು ಗಾಢ ಮಾಡಿದೆ. ಗಾಢವಾಯಿತೆಂದು ಅವರು ಎರಡನೆಯದನ್ನು ತಿಳಿ ಮಾಡಿದರು, ನಾನು ಮತ್ತೆ ಗಾಢ ಮಾಡಿದೆ. ಅವರು ಇನ್ನೂ ತಿಳಿ ಮಾಡಿದರು, ನಾನು ಕೈ ಕಟ್ಟಿ ಕೂತೆ. ಅಪ್ಪ ಕೊಟ್ಟ ಕಣ್ಣನ್ನು ನಾನು ಮೂರೇ ದಿನದಲ್ಲಿ ಹಳಿ ತಪ್ಪಿಸಿದ್ದೆ. ನನ್ನ ಮೇಲೆ ನನಗೇ ಎಷ್ಟು ಕೋಪ ಬಂತೆಂದರೆ ಆ ಕಡ್ಡಿಗಳನ್ನು ಹಿಡಿದು ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ನಲ್ಲಿಯ ಬಳಿ ಹೋಗಿ ಎಲ್ಲವನ್ನೂ ಒದರಿಬಿಟ್ಟೆ. ಚುಕ್ಕೆಗಳನ್ನು, ಇನ್ನೊಂದು ಕಡ್ಡಿಯನ್ನು, ಅವರು ಬೆನ್ನು ತಿರುಗಿಸಿದ ಎರಡು ನಿಮಿಷಗಳನ್ನು. ಅವರು ನಲ್ಲಿ ನಿಲ್ಲಿಸಿ ಕೇಳಿಸಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ.

"ಯಾಕೆ ಹಾಗ್ ಮಾಡ್ದೆ?" ಎಂದರು, ಮಗುವನ್ನು ಕೇಳುವಂತೆ.

"ನೀವು ಹಸಿರು ಬಕೆಟ್ಟನ್ನ ನೀಲಿ ಅಂದ್ರಿ. ನಂಗೆ ಹೆದರಿಕೆ ಆಯ್ತು ರೀ."

"ಅಂದ್ನಾ?" ಅವರ ಮುಖ ಸಣ್ಣಗಾಯಿತು. "ನಂಗೆ ಗೊತ್ತೇ ಆಗ್ಲಿಲ್ಲ. ನೋಡು, ಆಗ್ಲೇ ಶುರುವಾಗಿತ್ತು."

"ಅದು ಬಾಯಿ ತಪ್ಪಿದ್ದು! ನಿಮ್ಮ ಕಣ್ಣು ಚೆನ್ನಾಗಿದೆ. ಹಾಳು ಮಾಡಿದ್ದು ನಾನು."

"ನಿನ್ನೆದಕ್ಕೂ ಚುಕ್ಕೆ ಹಾಕಿದ್ಯಾ?"

"ನಿನ್ನೆದು ಮುಟ್ಟಲಿಲ್ಲ."

"ಮತ್ತೆ? ನಿನ್ನೆದೇ ಎಲ್ಲಕ್ಕಿಂತ ಕೆಟ್ಟದಾಗಿದೆಯಲ್ಲ."

ಅದು ಯಾಕೆಂದು ಹೇಳಿದೆ. ಗಾಢ, ತಿಳಿ, ಗಾಢ, ತಿಳಿ ಎಂದು ತೊದಲುತ್ತ ನಾನು ವಿವರಿಸುತ್ತಿದ್ದರೆ ನನಗೇ ಅದು ಕಟ್ಟುಕಥೆಯಂತೆ ಕೇಳಿಸುತ್ತಿತ್ತು. ನನ್ನಾಣೆ, ನಿಮ್ಮಾಣೆ, ನಮ್ಮಪ್ಪನಾಣೆ ಎಂದೆ. ಅವರು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನನ್ನ ಭುಜದ ಮೇಲಿಟ್ಟರು.

"ನಿಮ್ಮಪ್ಪಂಗೆ ಹೇಳ್ದೆ ಸುಮ್ನಿದ್ದೆ ಅಂತ ಇಷ್ಟು ವರ್ಷ ಕೊರಗಿದ್ದೀಯ. ಈ ಸಲ ತಪ್ಪೆಲ್ಲ ನಿನ್ನ ತಲೆ ಮೇಲೆ ಹಾಕ್ಕೊಂಡು ನನ್ನ ಉಳಿಸೋಣ ಅಂತ. ಅಷ್ಟೇ ತಾನೆ? ನಂಗೆ ಗೊತ್ತಾಗಲ್ವಾ?"

ನಾನು ಮೊದಲನೆಯ ಕಡ್ಡಿ ಚಾಚಿದೆ. ನನ್ನ ಹತ್ತಿರ ಇದ್ದ ಒಂದೇ ಸಾಕ್ಷಿ ಅದು. ಅವರು ಅದನ್ನು ತೆಗೆದುಕೊಂಡು ಟಾಪಿನ ಬಳಿ ಹೋದರು, ಹಳೆಯ ಮೈಗೆ ತಾಗಿಸಿ ಹಿಡಿದರು, ಬಿಸಿಲಿಗೆ ತಿರುಗಿಸಿದರು, ನೆರಳಿಗೆ ತಿರುಗಿಸಿದರು. ಮೂರು ದಿನದಿಂದ ಕಂದಿದ್ದ ಮುಖ ಅರಳಿತು. ಹೇಳಿದ್ದು ತಲೆಗೆ ಹೋಯಿತು ಎಂದು ನನಗೆ ಜೀವ ಬಂದಂತಾಯಿತು.

"ಇದನ್ನ ಯಾವಾಗ ಕಲಸಿದೆ?" ಎಂದರು.

"ನಾನಲ್ಲ ರೀ! ನೀವು, ಮೊದಲನೇ ದಿನ."

"ಮೊದಲನೇ ದಿನದ್ದು ಮೂಲೆಗೆ ಹಚ್ಚಿ ಎಲ್ಲರೂ ನೋಡಿ ಆಯ್ತಲ್ಲ, ಚಹಾ ಚೆಲ್ಲಿದ ಹಾಗೆ ಬಂತು ಅಂತ. ನಾನು ಸಾಮಾನು ತರೋಕೆ ಹೋದಾಗ ಕೂತು ಕಲಸಿದ್ದೀಯ. ನಂಗೆ ಧೈರ್ಯ ಹೇಳೋಕೆ." ಅವರು ಕಡ್ಡಿಯನ್ನು ಮತ್ತೆ ಮತ್ತೆ ನೋಡಿದರು. ಅವರ ದನಿಯಲ್ಲಿ ಹೊಟ್ಟೆಕಿಚ್ಚು ಸ್ವಲ್ಪವೂ ಇರಲಿಲ್ಲ, ಬರೀ ಸಂತೋಷ. "ನಿಮ್ಮಪ್ಪನ ಕಣ್ಣು ನಿಂಗೆ ಬಂದಿದೆ ಕಣೇ. ಇಷ್ಟು ವರ್ಷ ನಿನ್ನ ಕೈಗೆ ಉಪ್ಪುಕಾಗದ ಕೊಟ್ಟು ಕೂರಿಸಿದ್ದೆ ನಾನು, ಎಂಥಾ ಪೆದ್ದ."

ನಾನು ಅಳತೊಡಗಿದೆ. ನಿಜ ಹೇಳಿ ಹೇಳಿ ಸಾಕಾಗಿ ಅಳುತ್ತಿದ್ದೆ, ಅವರು ಅದನ್ನು ಸಿಕ್ಕಿಬಿದ್ದವಳ ಅಳು ಎಂದುಕೊಂಡರು. ಆ ಮನುಷ್ಯನನ್ನು ಹಿಡಿದು ಅಲುಗಿಸಿಬಿಡಬೇಕು ಅನ್ನಿಸಿತು. ಎಷ್ಟು ಅಲುಗಿಸಿದರೂ ಒಳಗೆ ಕೂತಿದ್ದ ಅಪನಂಬಿಕೆ ಉದುರುವಂತಿರಲಿಲ್ಲ. ಅದನ್ನು ಅಲ್ಲಿ ಕೂರಿಸಿದವಳು ನಾನೇ.

ಹತ್ತು ಗಂಟೆಗೆ ಡಾಕ್ಟರಮ್ಮ ಬಂದರು. ಬಿಳಿ ಮೂಲೆ ನೋಡಿ "ಇದೇನು ಮೇಸ್ತ್ರಿ, ಹಲ್ಲು ಕಟ್ಟಿಸಿದ್ದೀಯಾ?" ಎಂದು ನಗಲು ಹೊರಟವರು ಇವರ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು.

"ಡಾಕ್ಟರಮ್ಮ, ನನ್ನ ಕಣ್ಣಿನಿಂದ ಬಣ್ಣ ಹೋಗ್ತಾ ಇದೆ" ಎಂದರು ನನ್ನ ಗಂಡ. ನೇರವಾಗಿ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೇಳಿದರು. "ನಮ್ಮ ಮಾವನಿಗೂ ಹಾಗೇ ಆಗಿತ್ತು. ಯಾರೋ ನಕ್ಕು ಹೇಳೋ ಮೊದಲು ನಾನೇ ಹೇಳಿಬಿಡ್ತೀನಿ. ಇನ್ನು ಮೇಲೆ ಬಣ್ಣ ಇವಳದು. ನಿಮ್ಮ ಟಾಪು ಕೆಡಲ್ಲ, ಯೋಚನೆ ಮಾಡಬೇಡಿ."

"ಹಾಗೇನೂ ಇಲ್ಲ, ಅವರ ಕಣ್ಣಿಗೆ ಏನೂ ಆಗಿಲ್ಲ" ಎಂದು ನಾನು ಕಿರುಚಿದೆ. ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡರು. ಸಾಯುವ ಕರುವಿನ ಮಾಲೀಕರ ಕೈಯನ್ನು ಹೀಗೇ ಹಿಡಿದುಕೊಳ್ಳುತ್ತಿದ್ದರೇನೋ. "ಇರಲಿ ತಾಯಿ. ಅವನೇ ಒಪ್ಪಿಕೊಂಡಿದ್ದಾನೆ, ನೀನೂ ಒಪ್ಪಿಕೋ" ಎಂದರು.

ಬಿಳಿ ಪದರವನ್ನು ಉಜ್ಜಿ ತೆಗೆದದ್ದು ನನ್ನ ಗಂಡ. ಸ್ಟೂಲು, ಡಬ್ಬಿ, ಪೇಸ್ಟಿನ ಟ್ಯೂಬುಗಳನ್ನು ನನ್ನ ಮುಂದೆ ಜೋಡಿಸಿಟ್ಟದ್ದೂ ಅವರೇ. ಒಳ್ಳೆಯ ಬೆಳಕು ಬೀಳಲೆಂದು ಸ್ಟೂಲನ್ನು ಎರಡು ಸಲ ಸರಿಸಿದರು. ಡಾಕ್ಟರಮ್ಮ ಪಕ್ಕದಲ್ಲಿ ನಿಂತಿದ್ದರು. ನನಗೆ ಕಲಸಲು ಬರುವುದಿಲ್ಲ ಎಂದೆ, ಮೂರು ಸಲ ಎಂದೆ. "ಕಡ್ಡಿ ಮೇಲೆ ಬಂದಿದ್ದು ಡಬ್ಬೀಲೂ ಬರುತ್ತೆ" ಎಂದರು ಇವರು. ಕಲಸಿದೆ. ಹಳದಿ ಹಾಕಿದೆ, ಕಂದು ಹಾಕಿದೆ, ಹೆಚ್ಚಾಯಿತೆಂದು ಬಿಳಿ ಹಾಕಿದೆ. ಡಬ್ಬಿಯಲ್ಲಿ ತಿರುಗುತ್ತಿದ್ದದ್ದು ನನ್ನ ಕಣ್ಣಿಗೆ ಬರೀ ಒಂದು ಬಿಳಿ. ಒಣಗಿದರೆ ಅದು ಏನಾಗುತ್ತದೆಂದು ನನಗೆ ಮೊದಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

"ಒಂದು ಚಮಚ ಒಣಗಿಸಿ ನೋಡಿ ಆಮೇಲೆ ಹಚ್ತೀನಿ ರೀ."

"ನಿಮ್ಮಪ್ಪನ ಮಗಳು ಒಣಗಿಸಿ ನೋಡ್ತಾಳಾ?" ಎಂದು ನಕ್ಕು, ನಾನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಹಾರ್ಡನರ್ ಹನಿಸಿಬಿಟ್ಟರು. ಇನ್ನು ಹದಿನೈದೇ ನಿಮಿಷ.

ನಾನು ತಿರುವಿದೆ. ಅವರು ಬಗ್ಗಿ ಡಬ್ಬಿಯೊಳಗೆ ನೋಡಿದರು. ತಲೆ ಓರೆಯಾಯಿತು. ಹುಬ್ಬು ಕೂಡಿತು. ತುಟಿ ಅಲುಗಿತು. "ಇದು ಸ್ವಲ್ಪ..." ಎಂದರು.

"ಏನು? ಹೇಳಿ. ಹೆಚ್ಚಾಯ್ತಾ? ಕಡಿಮೆಯಾಯ್ತಾ? ಹೇಳಿ ರೀ!" ನಾನು ಅವರ ಬನಿಯನ್ ಹಿಡಿದು ಎಳೆದೆ.

ಅವರು ಇನ್ನೊಮ್ಮೆ ನೋಡಿದರು. ಅವರಿಗೆ ಕಾಣುತ್ತಿತ್ತು. ಆ ಬಣ್ಣ ನಾಳೆ ಏನಾಗಿ ಒಣಗುತ್ತದೆಂದು ಅವರಿಗೆ ಚೆನ್ನಾಗಿ ಕಾಣುತ್ತಿತ್ತು, ನಾನು ಅವರ ಮುಖದಲ್ಲೇ ಅದನ್ನು ನೋಡಿದೆ. ಆಮೇಲೆ ಅವರು ಕಣ್ಣು ಮುಚ್ಚಿ ತಲೆ ಕೊಡವಿದರು.

"ಬೇಡ, ನನ್ನ ಮಾತು ಬಿಡು. ನಂಗೆ ಹಾಗೆ ಕಾಣುತ್ತೆ, ಅಷ್ಟೇ. ನಿಂಗೆ ಕಾಣೋದೇ ಸರಿ" ಎಂದರು. ಬ್ರಷ್ ತೆಗೆದು, ಅದರ ಕೂದಲನ್ನು ಬೆರಳಿನಿಂದ ನೀವಿ, ನನ್ನ ಕೈಗೆ ಕೊಟ್ಟರು. "ಹಚ್ಚು. ಗಟ್ಟಿಯಾಗ್ತಿದೆ."